ಇಸ್ಮಾಯಿಲ್‌ಸಾಬನ ನಳದ ಮನೆ

೧೯೫೬ರ ಹೊತ್ತಿಗೆ ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಬೇವಿನ ಮರದ ಕೆಳಗೆ ಒಂದು ಹಳೆಯ ಮಿಲಿಟರಿ ಲಾರಿ ನಿಂತಿರುತ್ತಿತ್ತು. ಇಂಜಿನ್ ಮಾರಿಹೋಗಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟಿತ್ತು. ಲಾರಿಯ ಮೇಲೆ ತಗಡಿನ ಮನೆ, ಮನೆಗೊಂದು ಬಾಗಿಲು, ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆಯ ನಳ. ಸಂತೆಗೆ ಬರುವವರು ಅಲ್ಲಿ ನಿಂತು ಬೊಗಸೆ ಒಡ್ಡುತ್ತಿದ್ದರು. ಒಳಗಿಂದ ಇಸ್ಮಾಯಿಲ್‌ಸಾಬ್ ಇಳಿದು ಬಂದು ನಳ ತಿರುಗಿಸುತ್ತಿದ್ದ. ಆದರೆ ತಿರುಗಿಸುವ ಮೊದಲು, ಕೇಳಲಿ ಬಿಡಲಿ, ನೀರು ಎಲ್ಲಿಯದೆಂದು ಹೇಳಿಯೇ ತೀರುತ್ತಿದ್ದ.

“ಇದು ಗಾಳೆಪ್ಪನ ತೋಟದ ಬಾವೀದು. ಇವತ್ತ ಮುಂಜಾನೆ ತುಂಬಿದ್ದು.”

ಜನ ನಗುತ್ತಿದ್ದರು. ಬಾಯಾರಿ ಬಂದವನಿಗೆ ನೀರಿನ ವಿಳಾಸ ಯಾಕೆ? ಇವನೇನು ನೀರಿಗೆ ಹೆಣ್ಣು ಕೊಡುತ್ತಾನೋ, ಊರು ಮನೆತನ ಹೇಳುವುದಕ್ಕೆ ಎಂದು ಚಾಷ್ಟಿ ಮಾಡುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ. ತಲೆ ಕೆಟ್ಟಿದೆ ಎಂದು ಕೆಲವರು ಅಂದುಕೊಂಡಿದ್ದರು. ಕೆಟ್ಟಿರಲಿಲ್ಲ. ಒಮ್ಮೆ ಸುಳ್ಳು ಹೇಳಿದ್ದ, ಅಷ್ಟೆ.

ಅವನು ಮೂಲತಃ ಲಿಂಗಸುಗೂರಿನವನು, ತಗಡಿನ ಕೆಲಸದವನು. ಕಂದೀಲು, ಗಿಂಡಿ, ಚಹಾದ ಕೆಟಲಿ ಮಾಡುತ್ತಿದ್ದ. ಅದರಲ್ಲೂ ಕೆಟಲಿಗೆ ಅವನದೇ ಹೆಸರು. ಬೇರೆಯವರ ಕೆಟಲಿ ಸುರಿದರೆ ಚಹಾ ಅರ್ಧ ಕಪ್ಪುಬಸಿಗೆ, ಅರ್ಧ ಮಡಿಲಿಗೆ. ಇವನ ಕೆಟಲಿ ಹನಿ ಆಚೀಚೆ ಆಗದ ಹಾಗೆ ಸುರಿಯುತ್ತಿತ್ತು. ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ತೂತು, ಸೊಂಡಿಲಿನ ಬುಡದಲ್ಲಿ ಚಹಾಪುಡಿ ತಡೆಯಲು ಒಂದು ಜರಡಿ. ಇಷ್ಟೇ ಅವನ ವಿದ್ಯೆ. ಈ ವಿದ್ಯೆಯಿಂದಲೇ ಅವನು ಮನೆ ಕಟ್ಟಿದ, ಈ ವಿದ್ಯೆಯಿಂದಲೇ ಅದನ್ನು ಕಳೆದುಕೊಂಡ.

ಅವನ ಹೆಂಡತಿ ಸಕೀನಾಬೀ ಸಿಂಧನೂರಿನ ಕಡೆಯ ಒಂದು ಹಳ್ಳಿಯವಳು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಅವಳು ತವರಿನಲ್ಲಿದ್ದಳು. ತಂಗಿ ಶಂಶಾದ್‌ಬೀಯೂ ಬಂದಿದ್ದಳು. ಮದುವೆಯಾಗಿ ನಾಲ್ಕು ತಿಂಗಳು, ಮೊಣಕೈವರೆಗೆ ಹಸಿರು ಬಳೆ. ನಿಜಾಮನ ರಾಜ್ಯ ಮುಗಿದ ಆ ದಿನಗಳ ಗದ್ದಲವನ್ನು ಈ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಊರಿಗೆ ಯಾರು ಬರುತ್ತಾರೋ, ಯಾವ ಮನೆಗೆ ಬೆಂಕಿ ಬೀಳುತ್ತದೋ ಎಂದು ಜನ ಎದೆ ಹಿಡಿದುಕೊಂಡು ಕೂತಿದ್ದರು. ಹೆಂಗಸರನ್ನೆಲ್ಲ ಊರ ಹೊರಗಿನ ತೋಟದಲ್ಲಿ ಅಡಗಿಸಿದ್ದರು. ಮಧ್ಯಾಹ್ನ ದಾರಿಯಲ್ಲಿ ಧೂಳು ಎದ್ದಿತು. ಬಂದರು ಎಂದು ಯಾರೋ ಅಂದರು. ಅಕ್ಕತಂಗಿಯರು ಕೈ ಕೈ ಹಿಡಿದುಕೊಂಡು ಬಾವಿಯ ಕಟ್ಟೆಯ ಮೇಲೆ ನಿಂತರು. ಶಂಶಾದ್ ಹಾರಿದಳು. ಸಕೀನಾ ಕೈ ಬಿಟ್ಟಳು.

ಧೂಳೆಬ್ಬಿಸಿಕೊಂಡು ಬಂದದ್ದು ಪಕ್ಕದೂರಿನ ಕರಿಬಸಪ್ಪನ ಬಂಡಿಗಳು. ಹೆಣ್ಣುಮಕ್ಕಳನ್ನು ತನ್ನ ಮನೆಯಲ್ಲಿಟ್ಟು ಕಾಯುತ್ತೇನೆಂದು ಆ ಪುಣ್ಯಾತ್ಮ ಹುಲ್ಲು ಹೇರಿದ ಹಾಗೆ ಮಾಡಿಕೊಂಡು ಬಂದಿದ್ದ. ಬಾವಿಗೆ ಹಗ್ಗ ಇಳಿಸಿದವನೂ ಅವನೇ. ಶಂಶಾದ್‌ಳ ಹೆಣ ಎತ್ತಿದಾಗ ಒಂದು ಕೈಯ ಬಳೆಗಳೆಲ್ಲ ಒಡೆದುಹೋಗಿದ್ದವು.

ಅಂದಿನಿಂದ ಸಕೀನಾಬೀ ಬಾವಿ ನೀರು ಮುಟ್ಟಲಿಲ್ಲ. ಯಾವ ಬಾವಿಯದೂ ಇಲ್ಲ. ಬೇರೆ ಊರಿನ ಬಾವಿ ಎಂದರೆ, ನೆಲದ ಒಳಗೆ ನೀರೆಲ್ಲ ಒಂದೇ ಎನ್ನುತ್ತಿದ್ದಳು. ಲಿಂಗಸುಗೂರಿನ ಮನೆಯ ಹಿತ್ತಲಲ್ಲೇ ಬಾವಿ. ಅವನು ಆ ಮನೆ ಬಿಟ್ಟು ಮಸ್ಕಿಗೆ ಬಂದು ಹಳ್ಳದ ದಂಡೆಗೆ ಗುಡಿಸಲು ಹಾಕಿದ. ಹಳ್ಳದ ಉಸುಕು ತೋಡಿ ವರತಿ ಮಾಡಿ, ಅದರಲ್ಲಿ ಜಿನುಗುವ ನೀರನ್ನು ತೆಂಗಿನ ಚಿಪ್ಪಿನಿಂದ ಗೋರಿ ಕೊಡ ತುಂಬುತ್ತಿದ್ದ. ಅವಳು ಪ್ರತಿ ಸಲವೂ ಕೇಳುತ್ತಿದ್ದಳು.

“ಎಲ್ಲೀದ್ರೀ ಈ ನೀರು?”

“ಹಳ್ಳದ್ದು.”

ಅಷ್ಟು ಕೇಳಿ ಕುಡಿಯುತ್ತಿದ್ದಳು. ಬೇಸಿಗೆಯಲ್ಲಿ ವರತಿ ಬತ್ತಿದರೆ ಅವಳೂ ಬತ್ತುತ್ತಿದ್ದಳು. ತುಟಿ ಒಡೆದು ರಕ್ತ ಬಂದರೂ ಬೇರೆ ನೀರು ಕೇಳುತ್ತಿರಲಿಲ್ಲ.

ಐವತ್ತೊಂದರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಲಸದಲ್ಲಿ ಅವನಿಗೆ ದಿನಗೂಲಿ ಸಿಕ್ಕಿತು. ಪಂಪುಗಳಿಗೆ ಬೆಸುಗೆ, ಶೆಡ್ಡುಗಳಿಗೆ ತಗಡು, ಡಬ್ಬಿ ಡಬರಿಗಳ ದುರಸ್ತಿ. ಆದರೆ ಆ ಕೆಲಸಕ್ಕೆ ಊರೆಂಬುದಿಲ್ಲ. ಎರಡು ತಿಂಗಳು ಇಲ್ಲಿ ಕ್ಯಾಂಪು, ಮೂರು ತಿಂಗಳು ಅಲ್ಲಿ. ಎಲ್ಲ ಕ್ಯಾಂಪಿಗೂ ಬಾವಿ ನೀರೇ. ಅವಳನ್ನು ಬಿಟ್ಟು ಹೋಗುವ ಹಾಗಿಲ್ಲ, ಕರೆದುಕೊಂಡು ಹೋಗುವ ಹಾಗೂ ಇಲ್ಲ.

ಆಗ ಅವನ ಗೆಳೆಯ ಗಾಳೆಪ್ಪ ಒಂದು ಮಾತು ಅಂದ. ಗಾಳೆಪ್ಪ ಮಸ್ಕಿಯವನು, ರಾಯಚೂರು ದಾರಿಯಲ್ಲಿ ಹನ್ನೆರಡು ವರ್ಷ ಬಸ್ಸು ಓಡಿಸಿದವನು. ಮಿಲಿಟರಿಯವರ ಹಳೇ ಲಾರಿ ಹರಾಜಿಗಿದೆ, ಜೋಡಿಯಲ್ಲಿ ತೆಗೆದುಕೊಳ್ಳೋಣ, ನಾನು ಓಡಿಸುತ್ತೇನೆ, ಕಾಲುವೆಯ ಸಾಮಾನು ಸಾಗಿಸೋಣ ಎಂದ. ಇಸ್ಮಾಯಿಲ್‌ಸಾಬ್ ಲಾರಿಯನ್ನು ಒಂದು ಸುತ್ತು ಹಾಕಿ ನೋಡಿದ. ಅವನಿಗೆ ಸಾಮಾನು ಕಾಣಿಸಲಿಲ್ಲ, ಮನೆ ಕಾಣಿಸಿತು.

“ಇದರ ಮ್ಯಾಲೆ ಮನಿ ಕಟ್ಟತೀನಿ ಗಾಳೆಪ್ಪ, ಒಲಿ, ಬಚ್ಚಲ ಎಲ್ಲಾ ಇರೂವಂಥಾದ್ದು. ದಢೇಸುಗೂರಿಗೆ ಹೋಗಿ ಹೊಳಿ ನೀರು ತುಂಬಿಕೊಂಡು ಬರೂದು. ಎಲ್ಲಿ ನಿಂತ್ರೂ ಅಕಿಗೆ ಹೊಳಿ ನೀರs.”

“ಲಾರಿ ಮ್ಯಾಲೆ ಬಚ್ಚಲಾ ಲೇ?” ಎಂದು ಗಾಳೆಪ್ಪ ಬಾಯಿ ತೆರೆದ.

“ಬಚ್ಚಲ ಇಲ್ಲದ ಮನ್ಯಾಗ ಹೆಣಮಗಳು ಹೆಂಗ ಇರ್ತಾಳ?”

ನಾಲ್ಕು ತಿಂಗಳು ಅವನು ಬೇರೆ ಮಾತು ಆಡಲಿಲ್ಲ. ತಗಡಿನ ತುಂಡುಗಳ ಮೇಲೆ ಇದ್ದಿಲಿನಿಂದ ಗೆರೆ ಎಳೆಯುವುದು, ಒರೆಸುವುದು, ಮತ್ತೆ ಎಳೆಯುವುದು. ದೊಡ್ಡ ತೊಡಕು ನೀರಿನ ಪೀಪಾಯಿಗಳದ್ದು. ಎರಡು ಪೀಪಾಯಿ, ಮೂವತ್ತು ಕೊಡ ನೀರು, ಇಬ್ಬರಿಗೆ ಎಂಟು ದಿನ. ನೀರು ತಾನಾಗಿ ನಳಕ್ಕೆ ಇಳಿಯಬೇಕಾದರೆ ಪೀಪಾಯಿ ಎತ್ತರದಲ್ಲಿರಬೇಕು. ಮಾಳಿಗೆಯ ಮೇಲೆ ಇಡುತ್ತೇನೆ ಎಂದ.

“ಇಡು. ಮೊದಲನೇ ತಿರುವಿನ್ಯಾಗ ಲಾರಿ ಮಕಾಡೆ ಬೀಳ್ತದ. ನೀರು ಅಂದ್ರ ಸುಮ್ಮ ಕೂಡೂ ಸಾಮಾನಲ್ಲ, ಅದು ಲಾರಿಗಿಂತ ಮೊದಲ ತಿರುಗ್ತದ,” ಎಂದ ಗಾಳೆಪ್ಪ.

ಎತ್ತರಕ್ಕಿಟ್ಟರೆ ಲಾರಿ ಉರುಳುತ್ತದೆ, ತಳಕ್ಕಿಟ್ಟರೆ ನೀರು ಬರುವುದಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡ. ಐದನೆಯ ದಿನ, ಸಕೀನಾ ಕೂತು ಪಾತ್ರೆ ತಿಕ್ಕುವುದನ್ನು ನೋಡುತ್ತಿದ್ದಾಗ ಬಗೆಹರಿಯಿತು. ಕೂತು ತೊಳೆಯುವವಳಿಗೆ ನಳ ಮೊಣಕಾಲೆತ್ತರಕ್ಕಿದ್ದರೆ ಸಾಕು. ಹಾಗಾದರೆ ಪೀಪಾಯಿ ಎದೆಯೆತ್ತರಕ್ಕಿದ್ದರೂ ಸಾಕು. ಡ್ರೈವರನ ಬೆನ್ನಿಗೆ ಅಡ್ಡಡ್ಡ ಮಲಗಿಸಿದ. ಒಳಗೆಲ್ಲ ಕಲಾಯಿ ಹಾಕಿದ. ಕೆಟಲಿಯ ಮುಚ್ಚಳಕ್ಕೆ ಇಡುವ ಹಾಗೆ ಗಾಳಿಗೊಂದು ತೂತು ಇಟ್ಟ. ಬಚ್ಚಲಿನ ನೀರು ಹೋಗಲು ಒಂದು ಮೂಲೆಗೆ ಕಂಡಿ ಇಡುವುದಲ್ಲವೇ? ಅವನು ಎರಡು ಮೂಲೆಗೆ ಇಟ್ಟು ಬೆಣೆ ಹೊಡೆದ, ಏಕೆಂದರೆ ಲಾರಿ ಎಂದೂ ಸಮನಾಗಿ ನಿಲ್ಲುವುದಿಲ್ಲ, ವಾಲಿದ ಕಡೆಯ ಬೆಣೆ ಕಿತ್ತರಾಯಿತು. ಒಲೆ ಪೆಟ್ರೋಲಿಗೆ ದೂರ, ಹಿಂದಿನ ಬಾಗಿಲ ಹತ್ತಿರ. ನೀರು ತುಂಬುವ ಬಾಯಿಯನ್ನು ಹೊರಗಿನ ಮಗ್ಗುಲಿಗೆ ಇಟ್ಟ. ತುಂಬುವಾಗ ಒಳಗೆ ಕೆಸರಾಗಬಾರದು, ಅವಳಿಗೆ ತೊಂದರೆ ಆಗಬಾರದು ಎಂದು. ಅವಳು ಒಳಗಿದ್ದರೆ ತುಂಬುವುದು ಕಾಣುವುದಿಲ್ಲ. ಆ ಹೊತ್ತಿಗೆ ಅದರಲ್ಲಿ ಯಾವ ಕಪಟವೂ ಇರಲಿಲ್ಲ.

ಮತ್ತೆ ಜರಡಿ. ಯಾವ ಮೇಸ್ತ್ರಿಯಾದರೂ ನೀರು ಹಾಕುವ ಬಾಯಿಗೆ ಜರಡಿ ಇಡುತ್ತಿದ್ದ; ಕಸ ಒಳಗೇ ಹೋಗಬಾರದಲ್ಲ. ಇಸ್ಮಾಯಿಲ್‌ಸಾಬ್ ಕೆಟಲಿಯವನು. ಕೆಟಲಿಗೆ ಜರಡಿ ಇರುವುದು ಸುರಿಯುವ ಕಡೆ. ಮೂವತ್ತು ವರ್ಷದ ಕೈ ಯೋಚನೆ ಮಾಡುವುದಿಲ್ಲ. ಅವನು ಜರಡಿಯನ್ನು ನಳದ ಬುಡಕ್ಕೆ, ತಿರುಪು ಹಾಕಿ ಕೂಡಿಸಿದ.

“ಲಾರಿ ತಿರುಗಿದಂಗ ಕಿಬ್ಲಾ ತಿರುಗ್ತದಲ್ರೀ. ನಮಾಜಿಗೆ ಯಾಕಡೆ ಮುಖ ಮಾಡ್ಲಿ?” ಎಂದು ಸಕೀನಾ ಕೇಳಿದಳು.

“ಗಾಳೆಪ್ಪಗ ಹೇಳ್ತೀನಿ. ದಿನಾ ಪಶ್ಚಿಮಕ್ಕs ಮುಖ ಮಾಡಿ ನಿಲ್ಲಸ್ತಾನ.”

ಗಾಳೆಪ್ಪ ಹಾಗೆಯೇ ನಿಲ್ಲಿಸಿದ. ಲಿಂಗವಂತರ ಗಾಳೆಪ್ಪ, ಎರಡೂವರೆ ವರ್ಷ, ಯಾವ ಕ್ಯಾಂಪಿಗೆ ಹೋದರೂ ಮೊದಲು ಸೂರ್ಯ ಎಲ್ಲಿ ಮುಳುಗುತ್ತಾನೆಂದು ನೋಡಿ ಲಾರಿ ಹಚ್ಚುತ್ತಿದ್ದ. ಅವನ ಬಗ್ಗೆ ಇಷ್ಟಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ದಿನ ದಢೇಸುಗೂರಿನ ಹೊಳೆದಂಡೆಯಲ್ಲಿ ಮೂವತ್ತು ಕೊಡ ಎಣಿಸಿ ತುಂಬಿದರು. ಸಕೀನಾ ದಂಡೆಯ ಮೇಲೆ ನಿಂತು ನೋಡಿದಳು. ಆಮೇಲೆ ಲಾರಿ ಹತ್ತಿ ನಳ ತಿರುಗಿಸಿದಳು. ಒಂದು ಗಳಿಗೆ ಏನೂ ಬರಲಿಲ್ಲ. ಒಳಗೆಲ್ಲೋ ಗೊರಗೊರ ಸದ್ದಾಯಿತು. ನೀರು ಬಿತ್ತು. ಅವಳು ನಕ್ಕಳು. ಮೂರು ವರ್ಷದ ಮೇಲೆ ನಕ್ಕಿದ್ದಳು. ಇಸ್ಮಾಯಿಲ್‌ಸಾಬ್ ಆ ನಗೆ ಕೇಳಲಾರದೆ ಹೊರಗೆ ಹೋಗಿ ಗಾಲಿಯ ಹತ್ತಿರ ಕೂತು ಅತ್ತ.

ಕ್ಯಾಂಪಿನವರು ಅದನ್ನು ನಳದ ಮನಿ ಎಂದು ಕರೆದರು. ಹೆಂಗಸರು ಬಂದು ಬಂದು ನಳ ತಿರುಗಿಸಿ ನೋಡಿ ಹೋದರು. ಸಕೀನಾ ಬಚ್ಚಲಿನ ಕಂಡಿಯ ಕೆಳಗೆ ಡಬ್ಬಿ ಕಟ್ಟಿ ಅದರಲ್ಲಿ ಪುದೀನ ಬೆಳೆಸಿದಳು. ಲಾರಿ ಹೋದಲ್ಲೆಲ್ಲ ಪುದೀನವೂ ತೂಗಾಡುತ್ತ ಹೋಗುತ್ತಿತ್ತು. ಅವಳ ಕೆನ್ನೆ ತುಂಬಿತು. ಎಂಟು ದಿನಕ್ಕೊಮ್ಮೆ ಅವಳನ್ನು ಕ್ಯಾಂಪಿನಲ್ಲಿ ಬಿಟ್ಟು ಹೊಳೆಗೆ ಹೋಗಿ ತುಂಬಿಕೊಂಡು ಬರುವುದು. ಬಂದ ಕೂಡಲೇ ಅವಳು ಕೇಳುವುದು. ಹೊಳೀದು ಎಂದರೆ ಕುಡಿಯುವುದು. ಎರಡು ವರ್ಷ ಹೀಗೆ ನಡೆಯಿತು. ಅವನ ಬದುಕಿನ ಸುಖವೆಲ್ಲ ಆ ಎರಡು ವರ್ಷದಲ್ಲೇ ಇದೆ.

ಐವತ್ಮೂರರ ದೀಪಾವಳಿ ಮುಗಿದ ಮೇಲೆ ತುರ್ವಿಹಾಳದ ಹತ್ತಿರ ಕ್ಯಾಂಪು. ಲಾರಿಯ ಅಚ್ಚು ಮುರಿಯಿತು. ಹೊಸದು ಬರಲು ಹತ್ತು ದಿನ. ಪೀಪಾಯಿ ಬರಿದಾಗಿತ್ತು. ಅರ್ಧ ಮೈಲಿಯಲ್ಲಿ ಒಂದು ತೋಟದ ಬಾವಿ. ಶುಕ್ರವಾರ ಮಧ್ಯಾಹ್ನ ಸಕೀನಾ ಕ್ಯಾಂಪಿನ ಕಸ್ತೂರೆಮ್ಮನ ಹತ್ತಿರ ಹೊಲಿಗೆಗೆ ಹೋಗುತ್ತಿದ್ದಳು. ಅವಳು ಹೋದಾಗ ಬಂಡಿಯಲ್ಲಿ ನೀರು ತರಿಸಿ ತುಂಬಿದ. ಒಂದೇ ಸಲ, ಅಚ್ಚು ಬರುವತನಕ ಎಂದು ತನಗೆ ತಾನೇ ಹೇಳಿಕೊಂಡ. ಸಂಜೆ ಅವಳು ಕೇಳಿದಳು.

“ಎಲ್ಲೀದ್ರೀ?”

“ಹೊಳೀದು. ಬಂಡಿ ಮ್ಯಾಲೆ ತರಿಸೀನಿ.”

ಅವಳು ಕುಡಿದಳು. “ಹೊಳಿ ನೀರಿನ ರುಚಿನs ಬ್ಯಾರೆ,” ಎಂದಳು.

ಅಚ್ಚು ಬಂತು. ಲಾರಿ ಎದ್ದು ನಿಂತಿತು. ಹೊಳೆಗೆ ಹೋಗಬಹುದಿತ್ತು. ಆದರೆ ಕಾಲುವೆಯ ಕೆಲಸ ಅವಸರಕ್ಕೆ ಬಿದ್ದಿತ್ತು, ವಾರಕ್ಕೊಂದು ದಿನ ಬಿಡುವುದು ಕಷ್ಟ, ಹೊಳೆ ದೂರ, ಬಾವಿ ಹತ್ತಿರ, ಅವಳು ಆರಾಮಾಗಿದ್ದಾಳೆ. ಹೀಗೆ ನೂರು ಕಾರಣ. ಅವನ ಮೇಲೆ ನನಗೆ ಎಷ್ಟೇ ಕನಿಕರವಿದ್ದರೂ ಇದನ್ನು ಮುಚ್ಚಿಡಲಾರೆ: ಅವನಿಗೆ ಸುಲಭವಾಯಿತು, ಅದಕ್ಕೆ ಮಾಡಿದ. ಕ್ಯಾಂಪು ಆ ಸಲ ಐದು ತಿಂಗಳು ಅಲ್ಲೇ ನಿಂತಿತು; ಪ್ರತಿ ಶುಕ್ರವಾರ ಅವಳು ಹೊಲಿಗೆಗೆ ಹೋದಾಗ ಬಾವಿಯ ಬಂಡಿ ಬರುತ್ತಿತ್ತು. ಪ್ರತಿ ವಾರ ಅವಳು ಕೇಳಿದಳು, ಪ್ರತಿ ವಾರ ಅವನು ಹೊಳೀದು ಎಂದ. ಗಾಳೆಪ್ಪ ಬೇಡವೆಂದು ಎರಡು ಸಲ ಹೇಳಿ, ಆಮೇಲೆ ಆ ಮಾತು ಬಿಟ್ಟ.

ನಮ್ಮ ಕಡೆ ಬಾಣಂತಿ ಮೊದಲ ಸಲ ನೀರಿಗೆ ಹೋದಾಗ ಬಾವಿಗೆ ಪೂಜೆ ಮಾಡುತ್ತಾಳೆ. ಅರಿಶಿಣ, ಕುಂಕುಮ, ಅಕ್ಕಿಕಾಳು, ಹಸಿರು ಬಳೆ ಗಂಗವ್ವನಿಗೆ ಬಿಡುತ್ತಾಳೆ. ಆ ತೋಟದ ಮನೆಯಲ್ಲಿ ಆ ಚಳಿಗಾಲದಲ್ಲಿ ಒಂದು ಕೂಸು ಹುಟ್ಟಿತ್ತು. ಬಳೆ ನೀರೊಳಗೆ ಕೊಡಗಳ ಏಟಿಗೆ ಒಡೆದು ಚೂರಾಗಿರಬೇಕು. ಚೂರು ಕೊಡಕ್ಕೆ ಬಂತು, ಕೊಡದಿಂದ ಪೀಪಾಯಿಗೆ ಬಂತು. ಬಾಯಿಯಲ್ಲಿ ಜರಡಿಯಿಲ್ಲ. ನೀರಿನ ಜೊತೆ ಮೆಲ್ಲಗೆ ಪೈಪಿಗಿಳಿದು, ನಳದ ಬುಡದ ಜರಡಿಗೆ ಬಂದು ನಿಂತಿತು.

ಐವತ್ನಾಲ್ಕರ ಮಾರ್ಚಿನಲ್ಲಿ ಒಂದು ದಿನ ನಳದ ನೀರು ಸಣ್ಣಗಾಯಿತು. ಗಂಡನಿಗೆ ಕೆಲಸ ಬಹಳ, ಇಷ್ಟಕ್ಕೆಲ್ಲ ಯಾಕೆ ಕರೆಯಬೇಕೆಂದು ಸಕೀನಾ ತಾನೇ ತಿರುಪು ಬಿಚ್ಚಿದಳು. ಮಧ್ಯಾಹ್ನ ಇಸ್ಮಾಯಿಲ್‌ಸಾಬ್ ಊಟಕ್ಕೆ ಬಂದಾಗ ಒಲೆ ಹೊತ್ತಿರಲಿಲ್ಲ. ಅವಳು ಬಚ್ಚಲಿನ ಹತ್ತಿರ ಕೂತಿದ್ದಳು. ಅಂಗೈ ಮೇಲೆ ಜರಡಿ. ಜರಡಿಯಲ್ಲಿ ಅರಿಶಿಣ ಹತ್ತಿದ ನಾಲ್ಕು ಅಕ್ಕಿಕಾಳು, ಉಗುರಿನಷ್ಟು ಒಂದು ಹಸಿರು ಗಾಜಿನ ಚೂರು.

ಅವಳು ಎಲ್ಲಿಯದೆಂದು ಕೇಳಲಿಲ್ಲ.

“ಎಷ್ಟ ದಿನಾತು?” ಎಂದಳು.

“ಐದು ತಿಂಗಳು.”

“ಐದು ತಿಂಗಳು ಶಂಶಾದ್‌ನ್ನ ಕುಡದೀನಿ ಹಂಗಾರ.”

“ಅದು ಆ ಬಾವಿ ಅಲ್ಲ ಸಕೀನಾ. ಇದು ತುರ್ವಿಹಾಳದ್ದು.”

“ನಂಗ ಹೇಳಿದ್ರ ಕುಡೀತಿದ್ದೆನೋ ಏನೋ. ನಿಮ್ಮ ಕೈಯಾಗಿಂದು ಅಂತ ಕಣ್ಣ ಮುಚ್ಚಿ ಕುಡೀತಿದ್ದೆ,” ಎಂದಳು. “ಕೇಳಿದ್ನಲ್ರೀ, ಪ್ರತಿ ಸಲ.”

ಬೈದಿದ್ದರೆ, ಕೈಯಲ್ಲಿದ್ದದ್ದನ್ನು ಎಸೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಆ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ತನ್ನನ್ನು ಮಸ್ಕಿಯ ಹಳ್ಳಕ್ಕೆ ಮುಟ್ಟಿಸಲು ಹೇಳಿದಳು.

ಮಾರ್ಚಿನಲ್ಲಿ ಹಳ್ಳದಲ್ಲಿ ಏನಿರುತ್ತದೆ? ಆಳೆತ್ತರ ತೋಡಿದರೆ ಕೆಂಪು ನೀರು, ದಿನಕ್ಕೆ ಅರ್ಧ ಕೊಡ. ಹಳೆಯ ಗುಡಿಸಲಿನಲ್ಲಿ ಅವಳು ಅದನ್ನೇ ಸೋಸಿ ಕುಡಿದಳು. ಅವನು ಪೀಪಾಯಿ ಕಳಚಿ, ಹೊಸದಾಗಿ ಕಲಾಯಿ ಹಾಕಿ, ಜರಡಿಯನ್ನು ಕಿತ್ತು ಬಾಯಿಗೆ ಕೂಡಿಸಿದ. ನಿಜವಾಗಿ ಹೊಳೆಗೆ ಹೋಗಿ ತುಂಬಿಕೊಂಡು ಬಂದು ಗುಡಿಸಲ ಮುಂದೆ ಲಾರಿ ನಿಲ್ಲಿಸಿದ. ಅವಳು ಆ ನೀರಿನಿಂದ ಪಾತ್ರೆ ತೊಳೆದಳು, ಬಟ್ಟೆ ಒಗೆದಳು. ಕುಡಿಯಲಿಲ್ಲ. ಎಲ್ಲೀದೆಂದೂ ಕೇಳಲಿಲ್ಲ. ಅನ್ನ ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು, ಅವನ ಅಂಗಿಗೆ ಗುಂಡಿ ಹಚ್ಚಿದಳು. ಆ ಒಂದು ಪ್ರಶ್ನೆ ಮಾತ್ರ ನಿಂತುಹೋಯಿತು. ಅದನ್ನು ಅವನು ತಾಳಲಾರದೆ ಹೋದ.

ಏಪ್ರಿಲಿನಲ್ಲಿ ಅವಳಿಗೆ ವಾಂತಿಭೇದಿ ಹತ್ತಿತು. ವರತಿಯ ನೀರು ಕೆಟ್ಟಿತ್ತು. ನೋಡಲು ಬಂದ ಕಾಂಪೌಂಡರ್ ಮೈ ಮುಟ್ಟಿ ನೋಡಿ, “ನೀರು ಕುಡಸ್ರಿ. ಎಷ್ಟ ಕುಡದ್ರ ಅಷ್ಟ ಚಲೋ,” ಎಂದು ಹೇಳಿ ಹೋದ. ಅವಳು ತುಟಿ ಬಿಗಿಹಿಡಿದಳು. ಇಸ್ಮಾಯಿಲ್‌ಸಾಬ್ ಮತ್ತು ಗಾಳೆಪ್ಪ ಲಾರಿ ಬಿಟ್ಟುಕೊಂಡು ದಢೇಸುಗೂರಿಗೆ ಓಡಿದರು. ಪೀಪಾಯಿ ತುಂಬಿದ ಮೇಲೆ ಇಸ್ಮಾಯಿಲ್‌ಸಾಬ್ ನೀರಿಗಿಳಿದು, ಹೊಳೆಯ ಹಸಿ ಉಸುಕನ್ನೂ ಬೊಗಸೆ ಕಪ್ಪೆಚಿಪ್ಪನ್ನೂ ರುಮಾಲಿಗೆ ಕಟ್ಟಿಕೊಂಡ. ಸಾಕ್ಷಿಗೆ. ಹೆಂಡತಿಯ ಮುಂದೆ ಸಾಕ್ಷಿ ಹಿಡಿದು ನಿಲ್ಲುವ ಗತಿ ಯಾರಿಗೂ ಬರಬಾರದು.

ಹೊತ್ತು ಇಳಿಯುವ ಮೊದಲು ತಿರುಗಿ ಬಂದರು. ನಳದ ಕೆಳಗೆ ಬಟ್ಟಲು ಹಿಡಿದು ತುಂಬಿಕೊಂಡು ಅವಳ ಹತ್ತಿರ ಕೂತ. ರುಮಾಲು ಬಿಚ್ಚಿ ಹಾಸಿಗೆಯ ಮೇಲೆ ಹರವಿದ.

“ಹೊಳೀದು ಸಕೀನಾ. ಖುದಾನ ಆಣಿ. ನೋಡು, ಉಸುಕು ಇನ್ನೂ ಹಸಿ ಐತಿ. ಗಾಳೆಪ್ಪನ್ನ ಕೇಳು.”

ಬಾಗಿಲಲ್ಲಿ ನಿಂತಿದ್ದ ಗಾಳೆಪ್ಪ, “ಹೌದು ತಂಗಿ, ನಾನs ತುಂಬೀನಿ,” ಎಂದ. ಅವನ ದನಿ ನಡುಗುತ್ತಿತ್ತು. ಸುಳ್ಳು ಹೇಳುವವನ ದನಿಯೂ ಹಾಗೆಯೇ ಇರುತ್ತದೆ.

ಅವಳು ಚಿಪ್ಪುಗಳನ್ನು ನೋಡಿದಳು. ಗಂಡನ ಮುಖ ನೋಡಿದಳು. ಆಮೇಲೆ ಸೆರಗಿನ ಗಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು.

“ಇರ್ಲಿ ಬಿಡ್ರಿ. ಬಾವೀದಾದ್ರೂ ಕುಡೀತೀನಿ. ನೀವು ಅಳಬ್ಯಾಡ್ರಿ,” ಎಂದಳು. “ಶಂಶಾದ್ ಏನೂ ಅನ್ನೂದಿಲ್ಲ.”

ಬಿಸ್ಮಿಲ್ಲಾ ಎಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾವಿಯ ನೀರು ಕುಡಿಯುವವಳ ಹಾಗೆ ಮೂರು ಗುಟುಕು ಕುಡಿದಳು. ಅದು ಹೊಳೆಯ ನೀರೇ ಆಗಿತ್ತು. ಅವಳನ್ನು ನಂಬಿಸಲು ಅವನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಮರುದಿನ ಮುಂಜಾನೆ ಹೋದಳು. ಅವಳ ಮೈ ತೊಳೆದದ್ದೂ ಅದೇ ನೀರಿನಿಂದ.

ಅವನು ಕಾಲುವೆಯ ಕೆಲಸಕ್ಕೆ ತಿರುಗಿ ಹೋಗಲಿಲ್ಲ. ಲಾರಿಯನ್ನು ಬೇವಿನ ಮರಕ್ಕೆ ತಂದು, ಮುಖವನ್ನು ಪಶ್ಚಿಮಕ್ಕೆ ಮಾಡಿ ನಿಲ್ಲಿಸಿದರು. ಬಚ್ಚಲಿನ ಬದಿಯ ನಳವನ್ನು ಕಿತ್ತು ಬಾಗಿಲಿಗೆ ಹಚ್ಚಿದ. ದಿನಾ ಮುಂಜಾನೆ ಗಾಳೆಪ್ಪನ ತೋಟದ ಬಾವಿಯಿಂದ ಬಂಡಿಯಲ್ಲಿ ನೀರು ಬರುತ್ತಿತ್ತು. ಡಬ್ಬಿಯ ಪುದೀನ ಮಾತ್ರ ಹಾಗೆಯೇ ಚಿಗುರುತ್ತಿತ್ತು.

ಐವತ್ತಾರರ ಬೇಸಿಗೆಯಲ್ಲಿ ಒಂದು ಸಂತೆಯ ದಿನ, ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೈತುಂಬ ಹಸಿರು ಬಳೆ. ಬೊಗಸೆ ಒಡ್ಡಿದಳು.

“ಇದು ಗಾಳೆಪ್ಪನ ತೋಟದ ಬಾವೀದವ್ವಾ,” ಎಂದ.

“ಯಾವ್ದಾದ್ರೇನಪಾ, ನೀರು ನೀರs,” ಎಂದು ಆಕೆ ಗಟಗಟ ಕುಡಿದು, ಮುಖಕ್ಕೂ ಎರಚಿಕೊಂಡು, ಬಳೆಯ ಸದ್ದು ಮಾಡುತ್ತ ಸಂತೆಯ ಕಡೆ ನಡೆದಳು.

ಇಸ್ಮಾಯಿಲ್‌ಸಾಬ್ ನಳ ನಿಲ್ಲಿಸುವುದನ್ನು ಮರೆತು ನಿಂತಿದ್ದ. ಎಲ್ಲರೂ ಹೀಗೆಯೇ, ಕೇಳದೆ ಕುಡಿದು ಹೋಗುತ್ತಾರೆ. ಎಲ್ಲೀದ್ರೀ ಎಂದು ಕೇಳಿ, ಅವನು ಹೇಳಿದ್ದನ್ನು ನಂಬಿ ಕುಡಿದವಳು ಒಬ್ಬಳೇ ಇದ್ದಳು.